ಗಡಿಗೆ ಒಡೆಯಲಿ, ತಲೆ ಒಡೆಯದಿರಲಿ

ಶ್ರಾವಣ ಬಂತೆಂದರೆ ನಮ್ಮ ವಿಲೆ ಪಾರ್ಲೆಯ ಗಲ್ಲಿಗಳಿಗೆ ಬೇರೆಯೇ ಒಂದು ಕಳೆ. ಗುರುಪೂರ್ಣಿಮೆಯಂದು ಕಾಯಿ ಒಡೆದು ಅಭ್ಯಾಸಕ್ಕೆ ತೊಡಗಿದ ಗೋವಿಂದ ಪಥಕಗಳ ಹುಡುಗರು ಹಗಲೆಲ್ಲ ದುಡಿದು, ರಾತ್ರಿ ಮೈದಾನದ ಮೂಲೆಯಲ್ಲಿ ಸೇರಿ, ಒಬ್ಬರ ಹೆಗಲ ಮೇಲೊಬ್ಬರು ಏರಿ ನಿಲ್ಲುವುದನ್ನು ನಾವು ನಮ್ಮ ನಮ್ಮ ಬಾಲ್ಕನಿಗಳಿಂದ ನೋಡುತ್ತ ಬಂದಿದ್ದೇವೆ. ಕೆಳಗಿನ ಸಾಲಿನವರು ಹಲ್ಲು ಕಚ್ಚಿ ಭಾರ ಹೊರುತ್ತಾರೆ. ಮೇಲೇರುವವನು ಅವರನ್ನು ನಂಬಿ ಹೆಜ್ಜೆ ಇಡುತ್ತಾನೆ. ಹತ್ತುವವನ ಜಾತಿ ಯಾವುದು, ಮನೆಮಾತು ಯಾವುದು ಎಂದು ಹೊತ್ತ ಹೆಗಲು ಕೇಳುವುದಿಲ್ಲ. ನಮ್ಮವರ ಮಕ್ಕಳೂ ಆ ಸಾಲಿನಲ್ಲಿದ್ದಾರೆ. ಪಾರ್ಲೆ ಸ್ಪೋರ್ಟ್ಸ್ ಕ್ಲಬ್ಬಿನ ಮಹಿಳಾ ಪಥಕದಂಥ ತಂಡಗಳಿಂದಾಗಿ ಹೆಣ್ಣುಮಕ್ಕಳೂ ಈ ಸಾಹಸದಲ್ಲಿ ಹಿಂದೆ ಬಿದ್ದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದೆ ಬರೆಯಲಿರುವುದನ್ನು ಓದಿ, "ಇವರಿಗೆ ಹಬ್ಬವೆಂದರೆ ಆಗದು" ಎಂದು ಯಾರೂ ಮೂಗು ಮುರಿಯುವುದು ಬೇಡ.

2022ರ ಆಗಸ್ಟ್ 18ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆಯವರು ದಹಿಹಂಡಿಗೆ ಸಾಹಸ ಕ್ರೀಡೆಯ ಮಾನ್ಯತೆಯನ್ನು ವಿಧಾನಸಭೆಯಲ್ಲಿ ಘೋಷಿಸಿದರು. ಗೋವಿಂದರಿಗೆ ಸರಕಾರಿ ನೌಕರಿಯ ಶೇಕಡಾ 5ರ ಕ್ರೀಡಾ ಮೀಸಲಾತಿಯಲ್ಲಿ ಪಾಲು, ಬಿದ್ದು ಸತ್ತರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂಬ ಮಾತುಗಳೂ ಬಂದವು. ಮರುದಿನವೇ ದಹಿಹಂಡಿ. ಆ ದಿನ ನಮ್ಮ ಪಾರ್ಲೆ ಪೂರ್ವದ ಬಾಮಣವಾಡದಲ್ಲಿ, ಬೇರೆ ಕಡೆಯಿಂದ ಬಂದಿದ್ದ ಪಥಕವೊಂದರ ತರುಣ ಮೇಲಿನಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಮೂರು ದಿನ ಆಸ್ಪತ್ರೆಯಲ್ಲಿ ಹೋರಾಡಿ 22ರಂದು ತೀರಿಕೊಂಡ. ಇಪ್ಪತ್ತರ ಆಸುಪಾಸಿನ ಹುಡುಗ. ಸುರಕ್ಷತೆಯ ಏರ್ಪಾಡು ಮಾಡಿರಲಿಲ್ಲವೆಂದು ಪೊಲೀಸರು ಸಂಘಟಕರ ಮೇಲೆ ಮೊಕದ್ದಮೆ ದಾಖಲಿಸಿದರು. ಘೋಷಣೆಗೂ ಹೆಣಕ್ಕೂ ನಡುವೆ ನಾಲ್ಕೇ ದಿನ!

ಮುಂದಿನ ವರ್ಷ ಅದೇ ಗಲ್ಲಿಗಳಲ್ಲಿ ಮತ್ತೆ ಹಗ್ಗ ಕಟ್ಟಿದರು, ಮತ್ತೆ ಗಡಿಗೆ ತೂಗಿದರು, ಮತ್ತೆ ಲೌಡ್‌ಸ್ಪೀಕರು ಕೂಗಿತು. ನಾವೂ ಮತ್ತೆ ಬಾಲ್ಕನಿಯಲ್ಲಿ ನಿಂತೆವು. ಆ ಹುಡುಗನ ನೆನಪು ಎಷ್ಟು ಜನಕ್ಕೆ ಇತ್ತು?

ಇಲ್ಲಿ ನಮ್ಮದು ಒಂದೇ ವಾದ. ದಹಿಹಂಡಿ ಕ್ರೀಡೆಯೆಂದು ಸರಕಾರವೇ ಹೇಳಿತಷ್ಟೆ? ಆಗಲಿ, ನಾವೂ ಒಪ್ಪುತ್ತೇವೆ. ಆದರೆ ಕ್ರೀಡೆ ಎಂಬ ಹೆಸರು ಬಿಟ್ಟಿಯಾಗಿ ಬರುವಂಥದಲ್ಲ. ಅದಕ್ಕೆ ನಿಯಮ ಬೇಕು, ಆಡುವವನ ಮೈಗೆ ರಕ್ಷೆ ಬೇಕು, ಸೋಲನ್ನು ಒಪ್ಪುವ ದೊಡ್ಡ ಮನಸ್ಸು ಬೇಕು. ಈ ಮೂರೂ ಇಲ್ಲದೆ ಮೀಸಲಾತಿ, ಬಹುಮಾನ, ಬ್ಯಾನರು ಮಾತ್ರ ಬೇಕೆನ್ನುವುದು ಉಪ್ಪಿಲ್ಲದ ಸಾರಿಗೆ ಒಗ್ಗರಣೆ ಹಾಕಿದಂತೆ.

ವಿದೇಶಗಳಲ್ಲಿ ತರುಣರು ಆಡುವ ಒಂದು ಆಟದ ಸುದ್ದಿ ನಮ್ಮ ಮನೆಗಳಿಗೂ ಈಗ ಮಕ್ಕಳ ಬಾಯಿಂದ ಬಂದಿದೆ. ಏರ್‌ಸಾಫ್ಟ್ ಎಂದು ಹೆಸರು. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಬಂದೂಕಿನ ಆಕಾರದ ಆಟಿಕೆಯಿಂದ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುವುದು. ಅದರಲ್ಲಿಯೂ ಒಂದು ಬಗೆಯುಂಟು: ಕೆಲವರು ಜಾಂಬಿಗಳಾಗಿ, ಅಂದರೆ ಸತ್ತು ಎದ್ದು ಬಂದ ಹೆಣಗಳ ವೇಷ ಹಾಕಿ, ಉಳಿದವರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಅಜ್ಜಿಯರು ಕೇಳಿದ್ದರೆ "ಹುಚ್ಚು ಬೇತಾಳದ ಆಟ" ಎಂದು ನಗುತ್ತಿದ್ದರು. ನಮಗೂ ನಗು ಬಂತು. ಆದರೆ ನಿಯಮಗಳನ್ನು ಕೇಳಿದ ಮೇಲೆ ನಗು ನಿಂತಿತು. ಕಣ್ಣಿಗೆ ಗಟ್ಟಿ ಕನ್ನಡಕವಿಲ್ಲದೆ ಯಾರನ್ನೂ ಅಂಗಳಕ್ಕೆ ಬಿಡುವುದಿಲ್ಲ; ಆಟ ನಡೆಯುವಾಗ ಬೆವರಿದರೂ ಅದನ್ನು ತೆಗೆಯುವಂತಿಲ್ಲ. ಗುಂಡಿನ ವೇಗವನ್ನು ಆಟಕ್ಕೆ ಮೊದಲು ಯಂತ್ರದಲ್ಲಿ ಅಳೆದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಸಣ್ಣ ಗುಂಡು ತಗಲಿತೋ ಇಲ್ಲವೋ ದೂರದಿಂದ ಯಾರಿಗೂ ಕಾಣದು. ತಗಲಿಸಿಕೊಂಡವನೇ ಕೈ ಎತ್ತಿ "ನನಗೆ ತಗಲಿತು" ಎಂದು ಹೇಳಿ ಹೊರಗೆ ನಡೆಯಬೇಕು. ಇಡೀ ಆಟ ನಿಂತಿರುವುದು ಆಡುವವನ ಪ್ರಾಮಾಣಿಕತೆಯ ಮೇಲೆ.

ಬೇತಾಳದ ವೇಷ ಹಾಕಿ ಕುಣಿಯುವ ಹುಡುಗಾಟಿಕೆಗೆ ಇಷ್ಟು ಶಿಸ್ತು. ಭಗವಾನ್ ಶ್ರೀಕೃಷ್ಣನ ಹೆಸರಿನಲ್ಲಿ ಆಡುವ ಆಟಕ್ಕೆ ಒಂದು ಹೆಲ್ಮೆಟ್ಟಿಗೂ ಗತಿಯಿಲ್ಲವೇ?

ಪ್ರಾಮಾಣಿಕತೆಯ ಪಾಠಕ್ಕೆ ನಾವು ಜಪಾನಿಗೆ ಹೋಗಬೇಕಾಗಿಯೂ ಇಲ್ಲ. ಚರ್ಚ್‌ಗೇಟಿನ ಲೋಕಲ್ ಹತ್ತಿದರೆ ಸಾಕು, ವಾಂಖೇಡೆ ಕ್ರೀಡಾಂಗಣ ಅಲ್ಲೇ ಇದೆ. 1980ರ ಫೆಬ್ರುವರಿಯಲ್ಲಿ ಅಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ. ಭಾರತದ ನಾಯಕ ನಮ್ಮ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ಓಟಕ್ಕೆ ಐದು ವಿಕೆಟ್ ಕಳೆದುಕೊಂಡು ತತ್ತರಿಸುತ್ತಿತ್ತು. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬುದು ಮನವರಿಕೆಯಾಗಿತ್ತು. ಅವರು ಅಂಪೈರರ ಬಳಿ ಮಾತಾಡಿ ಟೇಲರನ್ನು ಮರಳಿ ಆಡಲು ಕರೆದರು. ಅವನೂ ಬಾಥಮನೂ ಸೇರಿ 171 ಓಟ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಆ ಪಂದ್ಯದಲ್ಲಿ ಬಾಥಮ್ ಶತಕ ಹೊಡೆದು 13 ವಿಕೆಟ್ ಕಿತ್ತ. ಆದರೂ ಇಷ್ಟು ವರ್ಷಗಳ ಮೇಲೆ ಜನ ಪ್ರೀತಿಯಿಂದ ನೆನೆಯುವುದು ಸೋತ ನಾಯಕನ ಆ ಒಂದು ಕರೆಯನ್ನು. ಭದ್ರಾವತಿಯಲ್ಲಿ ಹುಟ್ಟಿದ ಕನ್ನಡಿಗ ಮುಂಬಯಿಯ ನೆಲದಲ್ಲಿ ಕಲಿಸಿದ ಪಾಠವದು: ಗೆಲುವಿಗಿಂತ ದೊಡ್ಡದೊಂದು ಇದೆ.

ಆ ಅಳತೆಗೋಲನ್ನು ಹಿಡಿದು ನಮ್ಮ ಗಡಿಗೆಯ ಕಡೆ ನೋಡೋಣ. ಏಳು ಥರ ಕಟ್ಟುತ್ತೇವೆಂದು ಬಂದ ಪಥಕ ಆರನೆಯದಕ್ಕೆ ಕಾಲು ನಡುಗುವುದನ್ನು ಕಂಡು, ಸಲಾಮಿ ಕೊಟ್ಟು ಮೆಲ್ಲಗೆ ಕೆಳಗಿಳಿದರೆ ಅದಕ್ಕೆ ಚಪ್ಪಾಳೆ ಸಿಗುವುದೇ? ಇಲ್ಲ, "ಇನ್ನೊಂದು, ಇನ್ನೊಂದು" ಎಂಬ ಕೂಗು. ಬೆಳಗಿನಿಂದ ಲಾರಿಯ ಮೇಲೆ ಊರೆಲ್ಲ ಸುತ್ತಿ ಹತ್ತಾರು ಕಡೆ ಏರಿ ಇಳಿದು ದಣಿದ ಹುಡುಗರನ್ನು ಕತ್ತಲಾದ ಮೇಲೂ ಮೈಕಿನಲ್ಲಿ ಹುರಿದುಂಬಿಸಿ ಮೇಲೆ ಕಳಿಸುತ್ತಾರೆ. ವೇದಿಕೆಯ ಮೇಲಿನ ಮುಖಂಡರಿಗೆ ಎತ್ತರ ಬೇಕು. ಎಷ್ಟು ಎತ್ತರವೋ ಅಷ್ಟು ಲಕ್ಷ, ಎಷ್ಟು ಲಕ್ಷವೋ ಅಷ್ಟು ದೊಡ್ಡ ಸುದ್ದಿ. ಬಿದ್ದವನು ಯಾರ ಮನೆಯ ದೀಪವೆಂಬುದು ಬ್ಯಾನರಿನ ಮೇಲೆ ಬರೆದಿರುವುದಿಲ್ಲ.

ಎತ್ತರದ ಲೆಕ್ಕವನ್ನು ಸ್ವಲ್ಪ ನೋಡಿ. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿ 43.79 ಅಡಿ ಏರಿ ಗಿನ್ನೆಸ್ ದಾಖಲೆ ಮಾಡಿತು. 2025ರಲ್ಲಿ ಕೊಂಕಣ ನಗರ ಪಥಕ ಠಾಣೆಯಲ್ಲಿಯೇ ಹತ್ತು ಥರ ಕಟ್ಟಿತು. ಆ ಹುಡುಗರ ಮೈಕಟ್ಟು, ಮನೋಬಲಗಳಿಗೆ ನಾವು ತಲೆಬಾಗುತ್ತೇವೆ. ಆದರೆ ಭೂಮಿಯ ಸೆಳೆತ ದಾಖಲೆ ನೋಡಿ ಕರುಣೆ ತೋರಿಸುವುದಿಲ್ಲ. 43 ಅಡಿಯಿಂದ ಯಾವ ಅಡ್ಡಿಯೂ ಇಲ್ಲದೆ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 58 ಕಿಲೋಮೀಟರ್. ಹೈವೇಯಲ್ಲಿ ಓಡುವ ಮೋಟಾರು ಸೈಕಲ್ಲಿನ ವೇಗ. 20 ಅಡಿಯಿಂದ ಬಿದ್ದರೂ ಸುಮಾರು 39. ಮೋಟಾರು ಸೈಕಲ್ ಹತ್ತುವವನಿಗೆ ಹೆಲ್ಮೆಟ್ ಇಲ್ಲದಿದ್ದರೆ ದಂಡ ಹಾಕುವ ನಾಡಿನಲ್ಲಿ, ಹೆಗಲು ಹತ್ತುವ ಮಗುವಿನ ತಲೆ ಬರಿದಾಗಿದ್ದರೆ ಕೇಳುವವರಿಲ್ಲ.

ಕಾನೂನು ಸುಮ್ಮನೆ ಕುಳಿತಿತ್ತೆಂದಲ್ಲ. 2014ರಲ್ಲಿ ಬಾಂಬೆ ಹೈಕೋರ್ಟು 20 ಅಡಿಗಿಂತ ಎತ್ತರ ಕೂಡದು, 18 ವರ್ಷಕ್ಕಿಂತ ಕಿರಿಯರು ಏರಬಾರದು ಎಂದಿತು. 2016ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇದೇ ಮಿತಿಗಳನ್ನು ಹೇರಿತು. ಆ ವರ್ಷ ಕೆಲವೆಡೆ ಮಿತಿಯನ್ನು ಧಿಕ್ಕರಿಸುವುದೇ ಶೌರ್ಯವೆಂಬಂತೆ ನಡೆಯಿತು. 2017ರಲ್ಲಿ ವಿಷಯ ಮರಳಿ ಹೈಕೋರ್ಟಿಗೆ ಬಂದಾಗ ಎತ್ತರದ ನಿರ್ಣಯ ಸರಕಾರಕ್ಕೆ ಬಿಟ್ಟಿದ್ದೆಂದಾಯಿತು. 14 ವರ್ಷದೊಳಗಿನ ಮಕ್ಕಳನ್ನು ಏರಿಸುವುದಿಲ್ಲವೆಂದು ಸರಕಾರ ಮಾತು ಕೊಟ್ಟಿತು. ಹದಿನೆಂಟು ಹೋಗಿ ಹದಿನಾಲ್ಕಾಯಿತು. ಎತ್ತರಕ್ಕಿದ್ದ ಅಂಕೆ ತಪ್ಪಿತು.

ಆ ಹದಿನಾಲ್ಕಾದರೂ ಉಳಿಯಿತೇ? 2025ರ ಆಗಸ್ಟಿನಲ್ಲಿ, ಹಬ್ಬಕ್ಕೆ ಒಂದು ವಾರವೂ ಇಲ್ಲದಾಗ, ನಮ್ಮದೇ ಪಶ್ಚಿಮ ರೈಲುಮಾರ್ಗದ ದಹಿಸರಿನಲ್ಲಿ ಅಭ್ಯಾಸ ಮಾಡುತ್ತಿದ್ದ 11 ವರ್ಷದ ಬಾಲಕನೊಬ್ಬ ಮೇಲಿನಿಂದ ಬಿದ್ದು ಸತ್ತ. ಹಬ್ಬದ ದಿನ ನಗರದಲ್ಲಿ ನೂರಾರು ಮಂದಿ ಗಾಯಗೊಂಡು ಆಸ್ಪತ್ರೆ ಸೇರಿದರು. ಐದನೆಯ ಇಯತ್ತೆಯ ಪುಸ್ತಕ ಹಿಡಿಯುವ ಕೈಗೆ ಗಡಿಗೆಯ ಹಗ್ಗ ಹಿಡಿಸಿದವರು ಯಾರು? ಮಗು ಹಗುರ; ಮೇಲಿನ ಥರಕ್ಕೆ ಹಗುರವಾದವರೇ ಬೇಕು. ಈ ಆಟದ ಅತ್ಯಂತ ಎತ್ತರದ ಜಾಗವನ್ನು ಅತ್ಯಂತ ಚಿಕ್ಕವನಿಗೆ ಕೊಡುವುದೇ ಗೌರವವೆಂದು ನಾವು ತಿಳಿದಿದ್ದೇವೆ. ಆ ಗೌರವವನ್ನು ಬೇಡವೆನ್ನುವಷ್ಟು ಬುದ್ಧಿ ಅವನಿಗೆ ಬಂದಿರುವುದಿಲ್ಲ. ದೊಡ್ಡವರಾದ ನಮಗೆ ಬಂದಿರಬೇಕಿತ್ತು.

"ಹೆಲ್ಮೆಟ್ ಹಾಕಿ, ಗಾದಿ ಹಾಸಿ ಆಡಿದರೆ ಸಾಹಸವೆಲ್ಲಿ ಉಳಿಯಿತು?" ಎನ್ನುವವರಿದ್ದಾರೆ. ಅಂಥವರು ಸ್ಪೇನಿನ ಕ್ಯಾಟಲೋನಿಯಾದ ಕಡೆ ನೋಡಲಿ. ಅಲ್ಲಿಯೂ ಜನರು ಹೆಗಲ ಮೇಲೆ ಹೆಗಲಿಟ್ಟು ಒಂಬತ್ತು ಹತ್ತು ಅಂತಸ್ತಿನ ಗೋಪುರ ಕಟ್ಟುತ್ತಾರೆ. ಕಾಸ್ತೆಲ್ ಎಂದು ಅದರ ಹೆಸರು. 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಅಲ್ಲಿಯೂ ತುದಿ ಏರುವುದು ಮಗುವೇ. 2006ರಲ್ಲಿ ಒಬ್ಬ ಬಾಲಕಿ ಬಿದ್ದು ಸತ್ತಾಗ ಆ ಜನ ಎಚ್ಚೆತ್ತು, ಮೇಲೇರುವ ಮಕ್ಕಳಿಗೆ ಆ ಆಟಕ್ಕೆಂದೇ ತಯಾರಿಸಿದ ಹೆಲ್ಮೆಟ್ ತೊಡಿಸಿದರು. ಬುಡದಲ್ಲಿ ನೂರಾರು ಮಂದಿ ಒತ್ತೊತ್ತಾಗಿ ನಿಂತು, ಬಿದ್ದವರನ್ನು ತಮ್ಮ ಮೈಮೇಲೆಯೇ ತಡೆಯುತ್ತಾರೆ. ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಅಲ್ಲಿ ಗೋಪುರ ಕಟ್ಟಿದ ಮಾತ್ರಕ್ಕೆ ಪೂರ್ಣ ಅಂಕವಿಲ್ಲ. ಕುಸಿಯದಂತೆ ಬಿಚ್ಚಿ, ಎಲ್ಲರೂ ಕೆಳಗಿಳಿದಾಗಲೇ ಅದು ಪೂರ್ತಿ. ಕಟ್ಟಿ ಕುಸಿದವರಿಗೆ ಕಡಿಮೆ ಅಂಕ. ಏರಿದ್ದಕ್ಕಿಂತ ಇಳಿದದ್ದು ಹೆಚ್ಚು! ನಮ್ಮ ಸಂಘಟಕರು ಬೇರೆ ಏನನ್ನೂ ಕಲಿಯದಿದ್ದರೂ ಇದೊಂದನ್ನು ಕಲಿತರೆ ಸಾಕು. ಬಹುಮಾನದ ಅರ್ಧವನ್ನು ಇಳಿಯುವುದಕ್ಕೆ ಇಡಲಿ. ಪಥಕಗಳು ತಾವಾಗಿಯೇ ತಮ್ಮ ಮಿತಿಯನ್ನು ಕಂಡುಕೊಳ್ಳುತ್ತವೆ.

"ವಿಮೆ ಇದೆಯಲ್ಲ?" ಎಂಬುದು ಮತ್ತೊಂದು ಸಮಾಧಾನ. ವಿಮೆ ಇರಲಿ, ಬೇಡವೆಂದವರಾರು? ಆದರೆ ಅದು ಬಿದ್ದ ಮೇಲಿನ ಮಾತು. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದ ಇಪ್ಪತ್ತರ ಹುಡುಗನನ್ನು ಮಗ್ಗುಲಿಗೆ ಹೊರಳಿಸುವವಳು ತಾಯಿ. ಆ ಕೆಲಸಕ್ಕೆ ಯಾವ ಕಂಪೆನಿಯೂ ಆಳು ಕಳಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿವಂತಿಕೆ ನಮಗೆ ಬೇಡ.

ಇನ್ನು ಧರ್ಮದ ಮಾತು. "ಇದು ಕೃಷ್ಣನ ಹಬ್ಬ, ನಮ್ಮ ಪರಂಪರೆ, ಅಡ್ಡಿ ಮಾಡಬೇಡಿ" ಎನ್ನುತ್ತಾರೆ. ಕೃಷ್ಣನ ಹಬ್ಬವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಉಡುಪಿಯ ಸುತ್ತಿನವರು. ಅಷ್ಟಮಿಯ ಮರುದಿನದ ವಿಟ್ಲಪಿಂಡಿಯನ್ನು ಕಾಣದ ಕಣ್ಣು ನಮ್ಮಲ್ಲಿ ಎಷ್ಟಿವೆ? ರಥಬೀದಿಯ ಸುತ್ತ ಮರದ ಗುರ್ಜಿಗಳನ್ನು ನಿಲ್ಲಿಸಿ, ಮೊಸರು, ಬಣ್ಣದ ನೀರು ತುಂಬಿದ ಕುಡಿಕೆಗಳನ್ನು ಸಾಲಾಗಿ ತೂಗಿಸುತ್ತಾರೆ. ಮಣ್ಣಿನ ಕೃಷ್ಣನನ್ನು ರಥದಲ್ಲಿ ಕೂರಿಸಿ ಎಳೆಯುತ್ತಾರೆ. ಗೊಲ್ಲರ ವೇಷದವರು ಉದ್ದ ಕೋಲು ಹಿಡಿದು ಓಡೋಡಿ ಬಂದು ಕುಡಿಕೆಗಳನ್ನು ಒಡೆಯುತ್ತಾರೆ. ಹುಲಿವೇಷದ ತಾಸೆ, ಚಕ್ಕುಲಿ ಉಂಡೆಗಳಿಗಾಗಿ ಕೈಚಾಚುವ ಜನಸಾಗರ, ಕೊನೆಗೆ ಮಧ್ವಸರೋವರದಲ್ಲಿ ವಿಸರ್ಜನೆ. ಕುಡಿಕೆ ಒಡೆಯುತ್ತದೆ, ಮೊಸರು ಚೆಲ್ಲುತ್ತದೆ, ಕೃಷ್ಣ ನಗುತ್ತಾನೆ. ಇಲ್ಲಿ ಯಾರೂ ನಲವತ್ತು ಅಡಿ ಏರಲಿಲ್ಲವೆಂದು ದೇವರು ಮುನಿದದ್ದುಂಟೇ? ಬೆಣ್ಣೆ ಕದಿಯಲು ಬಾಲಗೋಪಾಲರು ಮನೆಯ ನೆಲುವಿಗೆ ಏರಿದ್ದು ಕಥೆ. ನೆಲುವು ಎಷ್ಟು ಎತ್ತರವಿದ್ದೀತು? ಯಶೋದೆಯ ಕೈಗೆ ಎಟಕುವಷ್ಟೇ. ಅದನ್ನು ಕ್ರೇನಿನ ತುದಿಗೆ ಕಟ್ಟಿದವರು ನಾವು. ಎತ್ತರ ಪರಂಪರೆಯದಲ್ಲ, ಪೈಪೋಟಿಯದು.

ಕೊನೆಯ ಆಕ್ಷೇಪ ನಮ್ಮಂಥವರಿಗೇ ಮೀಸಲು: "ನೀವು ಹೊರಗಿನವರು, ನಿಮಗೇಕೆ ಈ ಉಸಾಬರಿ?" ನಮ್ಮ ಕೂಟವೊಂದರಲ್ಲಿ ತಾಯಿಯೊಬ್ಬರು ಕಣ್ಣು ಒರೆಸಿಕೊಳ್ಳುತ್ತ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. "ಬೇಡ ಮಗಾ ಅಂದ್ರೆ, 'ಅಮ್ಮಾ, ನೀನು ಊರಿನವಳು, ನಾನು ಮುಂಬಯಿಯವನು' ಅಂತಾನೆ. ಹೋಗದಿದ್ರೆ ಗೆಳೆಯರು ಹೆದರುಪುಕ್ಕಲ, ಮದರಾಸಿ ಅಂತ ಹಂಗಿಸ್ತಾರಂತೆ. ನಾನು ಏನು ಹೇಳ್ಲಿ, ನೀವೇ ಹೇಳಿ." ಅಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಈ ನಗರದವರೆಂದು ತೋರಿಸಿಕೊಳ್ಳಲು ನಮ್ಮ ಮಕ್ಕಳು ಒಂದು ಥರ ಹೆಚ್ಚೇ ಏರುತ್ತಾರೆ. ಅದು ನಮಗೆ ತಿಳಿದಿದೆ. ತಿಳಿದೂ ಬಾಯಿ ಕಟ್ಟಿಕೊಂಡಿದ್ದೇವೆ. ಆ ತಾಯಿಗೆ ಇಂದು ನಾವು ಕೊಡುವ ಉತ್ತರ ಇದು: ಅಕ್ಕಾ, ನಿಮ್ಮ ಮಗ ಮುಂಬಯಿಯವನೇ ಹೌದು. ಈ ಊರಿನವನಾದ್ದರಿಂದಲೇ ಈ ಊರಿನ ಆಟ ಸರಿಯಾಗಿ ನಡೆಯಲಿ ಎನ್ನುವ ಹಕ್ಕು ಅವನಿಗಿದೆ, ನಿಮಗೂ ಇದೆ. ಮೂರು ತಲೆಮಾರು ಇಲ್ಲಿ ಬೆವರು ಸುರಿಸಿದವರು ಹೊರಗಿನವರಾಗುವುದು ಯಾವ ಲೆಕ್ಕದಲ್ಲಿ? ಬಾಮಣವಾಡದಲ್ಲಿ ಬಿದ್ದ ಹುಡುಗ ಮರಾಠಿ ಮನೆಯವನು. ಅವನಿಗಾಗಿ ಮರುಗಿದ ಮನಸ್ಸುಗಳಲ್ಲಿ ಕನ್ನಡದವೂ ಇದ್ದವು. ಮರುಗುವ ಹಕ್ಕಿದ್ದವರಿಗೆ ಕೇಳುವ ಹಕ್ಕೂ ಉಂಟು.

ಬಂಧುಗಳೇ, ಬೇರೆಯವರನ್ನು ದೂರಿ ಕೈ ತೊಳೆದುಕೊಳ್ಳುವ ಮುನ್ನ ನಮ್ಮ ಬೆನ್ನನ್ನೂ ಒಮ್ಮೆ ನೋಡಿಕೊಳ್ಳೋಣ. ದಹಿಹಂಡಿಯ ವರ್ಗಣಿ ಕೇಳಿಕೊಂಡು ಬಂದಾಗ ನಮ್ಮ ಹೋಟೆಲು, ಅಂಗಡಿಗಳ ಗಲ್ಲಾದಿಂದ ಹಣ ಮರುಮಾತಿಲ್ಲದೆ ಹೋಗುತ್ತದೆ. ಏಕೆ? "ಏನಾದರೂ ಕೇಳಿದರೆ ನಾಳೆ ತೊಂದರೆ" ಎಂಬ ಅಂಜಿಕೆ. ಆ ಹಣದಿಂದ ಗಾದಿ ಬಂತೇ, ಇನ್ನಷ್ಟು ಎತ್ತರದ ಲೌಡ್‌ಸ್ಪೀಕರಿನ ಗೋಡೆ ಬಂತೇ ಎಂದು ಎಂದಾದರೂ ವಿಚಾರಿಸಿದ್ದೇವೆಯೇ? ನಮ್ಮ ಸೊಸೈಟಿಗಳ ಬಾಲ್ಕನಿಗಳಿಂದ ನಮ್ಮ ಮಕ್ಕಳು ಗೋವಿಂದರ ಮೇಲೆ ನೀರಿನ ಬಲೂನುಗಳನ್ನು ಎಸೆಯುತ್ತಾರೆ. ನಾವು ನಗುತ್ತ ನೋಡುತ್ತೇವೆ. ಕೊಡದಲ್ಲಿ ನೀರು ಸುರಿಯುವುದು ಹಳೆಯ ಪದ್ಧತಿ, ಸರಿ. ಆದರೆ ನಾಲ್ಕನೆಯ ಮಹಡಿಯಿಂದ ಬಿದ್ದ ಬಲೂನು ಕಲ್ಲಿಗೆ ಸಮ. ಐದನೆಯ ಥರದವನ ಕಣ್ಣಿಗೆ ಅದು ಬಡಿದರೆ ಅವನೊಬ್ಬನೇ ಬೀಳುವುದಿಲ್ಲ, ಇಡೀ ಗೋಪುರ ಬೀಳುತ್ತದೆ. ಗೋಪುರ ಕುಸಿದಾಗ ಓಡಿ ಹೋಗಿ ಹಿಡಿಯುವ ಕೈಗಳಿಗಿಂತ ಮೊಬೈಲು ಎತ್ತುವ ಕೈಗಳು ಈಗ ಹೆಚ್ಚು. ನೋಡುವವನಿಗೂ ಒಂದು ಕ್ರೀಡಾಮನೋಭಾವ ಬೇಡವೇ?

ಆದ್ದರಿಂದ ನಾವು ಈ ಪುಟದಲ್ಲಿ ನಮ್ಮ ಸದಸ್ಯರ ಮುಂದೆ ಕೆಲವು ಬಿನ್ನಹಗಳನ್ನು ಇಡುತ್ತೇವೆ. ವರ್ಗಣಿ ಕೊಡೋಣ, ಕೈಬಿಚ್ಚಿಯೇ ಕೊಡೋಣ; ಆದರೆ ಶರತ್ತಿನ ಮೇಲೆ. ಮೇಲಿನ ಮೂರು ಥರದವರಿಗೆ ಹೆಲ್ಮೆಟ್, ತುದಿಯವನಿಗೆ ಸೊಂಟದ ಪಟ್ಟಿ ಮತ್ತು ಹಗ್ಗ, ನೆಲಕ್ಕೆ ದಪ್ಪ ಗಾದಿ, ಬಳಿಯಲ್ಲಿ ಆಂಬುಲೆನ್ಸ್ ಇದ್ದರೆ ಮಾತ್ರ ಪಾವತಿ ಹರಿಯಿರಿ. ಹಣ ಕೊಡಲು ಮನಸ್ಸಿಲ್ಲದವರು ಗಾದಿಗಳನ್ನೇ ತೆಗೆದುಕೊಡಿ. ಅದಕ್ಕಿಂತ ಪುಣ್ಯದ ದಾನವಿಲ್ಲ. ಹದಿನಾಲ್ಕು ತುಂಬದ ಮಗುವನ್ನು ಏರಿಸುವ ಪಥಕಕ್ಕೆ ನಮ್ಮ ಓಣಿಯಲ್ಲಿ ಸ್ವಾಗತವಿಲ್ಲವೆಂದು ಮಂಡಳದವರಿಗೆ ಮೊದಲೇ ತಿಳಿಸೋಣ, ಮರಾಠಿಯಲ್ಲಿಯೇ, ವಿನಯದಿಂದಲೇ. ಸುರಕ್ಷಿತವಾಗಿ ಕೆಳಗಿಳಿದ ಪಥಕಕ್ಕೆ, ಅದು ನಾಲ್ಕೇ ಥರ ಕಟ್ಟಿರಲಿ, ನಮ್ಮ ಸಂಘದಿಂದ ಒಂದು ಪುಟ್ಟ ಬಹುಮಾನ ಇಡಬಾರದೇಕೆ? ಮಕ್ಕಳ ಕೈಯಿಂದ ಬಲೂನು ಕಸಿದು ಕೊಡ ಕೊಡೋಣ.

ಇವು ದೊಡ್ಡ ಮಾತುಗಳೇನಲ್ಲ. ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಮೋರ್ಚಾ ಹೊರಡಿಸಬೇಕಾಗಿಲ್ಲ. ನಮ್ಮ ನಮ್ಮ ಬಾಗಿಲಿಗೆ ಬಂದವರೊಡನೆ ಎರಡು ನಿಮಿಷ ನಿಂತು ಮಾತಾಡುವ ಧೈರ್ಯ ಸಾಕು. ಮುಂದಿನ ಗೋಕುಲಾಷ್ಟಮಿಗೂ ಈ ಗಲ್ಲಿಗಳಲ್ಲಿ ಗೋವಿಂದರು ಬರಲಿ. ಡೋಲು ಮೊಳಗಲಿ, ನೀರು ಸುರಿಯಲಿ, ಗಡಿಗೆ ಒಡೆದು ಮೊಸರು ನಮ್ಮೆಲ್ಲರ ಮೇಲೆ ಚೆಲ್ಲಲಿ. ಆ ರಾತ್ರಿ ಎಷ್ಟು ಹುಡುಗರು ಮನೆಯಿಂದ ಹೊರಟರೋ ಅಷ್ಟೂ ಹುಡುಗರು ಮನೆಗೆ ಬಂದು ತಾಯಿಯ ಕೈಯಿಂದ ಊಟ ಮಾಡಲಿ. ಅದಕ್ಕಿಂತ ದೊಡ್ಡ ದಾಖಲೆ ನಮಗೆ ಬೇಕಾಗಿಲ್ಲ.